ಬೋರ್ಡಿಂಗ್ ಅಂಡ್ ಲಾಡ್ಜಿಂಗ್

ಕನ್ನಡದಲ್ಲಿ ಹೋಟೆಲು ಅಂದರೆ ತಿನ್ನುವ ಜಾಗ. ಮಲಗುವುದಕ್ಕೆ ಲಾಡ್ಜು. ಎರಡೂ ಒಂದೇ ಸೂರಿನಡಿ ಇದ್ದರೆ ನಮ್ಮವರು ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಅಂತ ಬೋರ್ಡು ಬರೆಸುತ್ತಾರೆ. ಕೆಳಗೆ ಊಟದ ಹಾಲು, ಮೇಲೆ ನಾಲ್ಕಾರು ರೂಮು, ಹಿಂಭಾಗದಲ್ಲಿ ಯಜಮಾನರ ಸಂಸಾರ. ಗಲ್ಲಾಪೆಟ್ಟಿಗೆ ಮುಂದೆ ಅಪ್ಪ, ಸಂಜೆ ಹೊತ್ತು ಮಗ. ಒಳಗೆ ಒಗ್ಗರಣೆಯ ಉಸ್ತುವಾರಿ ಅಮ್ಮನದು. ಇಂಥ ಮನೆ-ಲಾಡ್ಜುಗಳು ಕರ್ನಾಟಕದ ಎಲ್ಲ ತಾಲ್ಲೂಕು ಊರುಗಳಲ್ಲಿ ಇದ್ದವು, ಅದರಲ್ಲಿ ಹೇಳುವುದೇನಿದೆ ಎಂದು ನೀವು ಕೇಳಬಹುದು. ಆದರೆ ಹೈದರಾಬಾದಿನಲ್ಲಿದ್ದ ಇಂಥ ಮನೆಗಳಿಗೆ ಬೇರೆಯೇ ಒಂದು ಚರಿತ್ರೆ ಇದೆ. ಕಲಬುರಗಿ, ಬೀದರ್, ರಾಯಚೂರಿನ ಜನ ತಮ್ಮದೇ ರಾಜಧಾನಿಗೆ ಬಂದು ಇಳಿದುಕೊಳ್ಳುತ್ತಿದ್ದ ಜಾಗಗಳು ಅವು. ಒಂದು ದಿನ ಆ ರಾಜಧಾನಿ ಅವರದಲ್ಲವಾಯಿತು. ಇಳಿದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಈ ಪುಸ್ತಕದಲ್ಲಿ ಊರು ಬಿಟ್ಟು ಬದುಕಿದವರ ಬರಹಗಳಿವೆ. ನಾನು ಸೇಡಂ ತಾಲ್ಲೂಕಿನವ. ಬ್ಯಾಂಕಿನ ಕೆಲಸದಲ್ಲಿ 1986ರಲ್ಲಿ ಹೈದರಾಬಾದಿಗೆ ವರ್ಗವಾಗಿ ಬಂದೆ, ನಡುವೆ ಬೇರೆ ಊರುಗಳನ್ನು ಸುತ್ತಿದರೂ ಕೊನೆಗೆ ಇಲ್ಲಿಯೇ ನಿವೃತ್ತನಾದೆ. ಆದರೂ ನಾನು ಊರು ಬಿಟ್ಟೆನೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವ ಮೊದಲು ಸ್ವಲ್ಪ ಇತಿಹಾಸ ಹೇಳಬೇಕಾಗುತ್ತದೆ.

ಹೈದರಾಬಾದಿನ ಬೇರು ನಮ್ಮ ಕಡೆಯೇ ಇದೆ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾಯಿತು. 15ನೆಯ ಶತಮಾನದಲ್ಲಿ ಅವರ ರಾಜಧಾನಿ ಬೀದರಿಗೆ ಹೋಯಿತು. ಆ ರಾಜ್ಯ ಒಡೆದು ಹೋಳಾದಾಗ ಗೋಲ್ಕೊಂಡದ ಸುಬೇದಾರನಾಗಿದ್ದ ಸುಲ್ತಾನ್ ಕುಲಿ ಕುತುಬ್ ಶಾಹಿ ಮನೆತನ ಕಟ್ಟಿದ. ಅದೇ ಮನೆತನದ ಮಹಮ್ಮದ್ ಕುಲಿ 1591ರಲ್ಲಿ ಚಾರ್‌ಮಿನಾರ್ ಎಬ್ಬಿಸಿ ಹೊಸ ನಗರಕ್ಕೆ ಅಡಿಪಾಯ ಹಾಕಿದ. ಅಂದರೆ ಲೆಕ್ಕದಲ್ಲಿ ಕಲಬುರಗಿ ಅಜ್ಜಿ, ಬೀದರ್ ಅವ್ವ, ಹೈದರಾಬಾದು ಮೊಮ್ಮಗಳು.

ಈ ನಗರ ಹುಟ್ಟಿದಾಗಿನಿಂದಲೂ ಪರವೂರಿನವರಿಗೆ ಮಲಗಲು ಜಾಗ ಕೊಟ್ಟೇ ಬೆಳೆದದ್ದು. ವಜ್ರದ ವ್ಯಾಪಾರಿಗಳು, ಕುದುರೆ ವ್ಯಾಪಾರಿಗಳು ಬಂದು ಇಳಿಯುತ್ತಿದ್ದ ಪೇಟೆಗೆ ಇಂದಿಗೂ ಕಾರ್ವಾನ್ ಎಂದೇ ಹೆಸರು. 17ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೆ, ಇಲ್ಲಿನ ಎರಡು ಮೂರು ಚೆಂದದ ಮಸೀದಿಗಳೇ ಪರದೇಶಿಗಳಿಗೆ ತಂಗುದಾಣವಾಗಿದ್ದವೆಂದು ಬರೆದಿದ್ದಾನೆ. ಗೋಲ್ಕೊಂಡದ ಹತ್ತಿರ ಶೇಖಪೇಟೆಯಲ್ಲಿ ಆ ಕಾಲದ ಕಲ್ಲಿನ ಸರಾಯಿ ಇವತ್ತಿಗೂ ನಿಂತಿದೆ. ಪ್ರಯಾಣಿಕರಿಗೆ ಕೋಣೆ, ಕುದುರೆ ಒಂಟೆ ಕಟ್ಟಲು ಜಾಗ. ನಾಂಪಲ್ಲಿ ಸ್ಟೇಶನ್ನಿನ ಎದುರು ಏಳನೆಯ ನಿಜಾಮರ ಕಾಲದಲ್ಲಿ ಕಟ್ಟಿಸಿದ ಸರಾಯಿಯೂ ಇದೇ ಪರಂಪರೆಯದು.

ಸರಾಯಿಯಲ್ಲಿ ಜಾಗವೇನೋ ಸಿಗುತ್ತಿತ್ತು. ಊಟ? ಆ ಕಾಲದ ಮಡಿ-ಮೈಲಿಗೆಯ ಲೆಕ್ಕದಲ್ಲಿ ಹಳ್ಳಿಯಿಂದ ಬಂದವನು ಬುತ್ತಿ ಬಿಚ್ಚಬೇಕು, ಇಲ್ಲವೇ ಮಠ, ಛತ್ರ, ತನ್ನ ಜಾತಿಯವರ ಮನೆ ಹುಡುಕಬೇಕು. ನಮ್ಮ ಅಜ್ಜ ಹೈದರಾಬಾದಿಗೆ ಹೊರಟರೆ ಮೂರು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಮೂರು ದಿನದಲ್ಲಿ ಕಚೇರಿ ಕೆಲಸ ಮುಗಿಯಲಿಲ್ಲವೆಂದರೆ ಕೆಲಸ ಬಿಟ್ಟು ವಾಪಸ್ಸು!

ಹೋಗುವ ದಾರಿ ಸುಲಭವಾದದ್ದು ರೈಲಿನಿಂದ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ನಿಜಾಮರ ರಾಜಧಾನಿ ಮುಂಬೈ ದಾರಿಗೆ ಕೂಡಿಕೊಂಡದ್ದು ಕನ್ನಡ ನೆಲದ ವಾಡಿ ಜಂಕ್ಷನ್ನಿನಲ್ಲಿ. ವಾಡಿ ಬಿಟ್ಟರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಗುಂಟಾ, ಆಮೇಲೆ ತಾಂಡೂರು. ರಾಷ್ಟ್ರಕೂಟರ ಮಾನ್ಯಖೇಟವೇ ಈ ಮಳಖೇಡ. ನೃಪತುಂಗನ ರಾಜಧಾನಿಯಿಂದ ನಿಜಾಮರ ರಾಜಧಾನಿಗೆ ಒಂದೇ ಹಳಿ, ಅರ್ಧ ದಿನದ ದಾರಿ. ಮುಂದೆ ಹೈದರಾಬಾದಿನ ಕನ್ನಡಿಗರು ಕಾಚಿಗುಡದಲ್ಲಿ ಶಾಲೆ ಕಟ್ಟಿದಾಗ ಅದಕ್ಕೆ ನೃಪತುಂಗನ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ನೆರೆ ತಡೆಯಬೇಕೆಂದು ಅವರು ಯೋಜನೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಕನ್ನಡಿಗ ಇಂಜಿನಿಯರು ಹಾಕಿಕೊಟ್ಟ ಲೆಕ್ಕದ ನೀರನ್ನು ಈ ನಗರ ದಶಕಗಳ ಕಾಲ ಕುಡಿಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು, ಉರ್ದು ಮಾಧ್ಯಮದಲ್ಲಿ. ಹೈಕೋರ್ಟು, ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ ಎಲ್ಲ ಸುಮಾರು ಆ ಕಾಲದವೇ. ಪರೀಕ್ಷೆ ಇಲ್ಲಿ, ದಾವೆ ಇಲ್ಲಿ, ಔಷಧ ಇಲ್ಲಿ, ನೌಕರಿಯ ಅರ್ಜಿ ಇಲ್ಲಿ. ಕನ್ನಡ ಜಿಲ್ಲೆಗಳ ಜನ ಬರದೆ ವಿಧಿಯಿರಲಿಲ್ಲ.

ಬ್ಯಾಂಕಿನವನಾದ್ದರಿಂದ ದುಡ್ಡಿನ ಮಾತು ಹೇಳದೆ ಇರಲಾರೆ. ನಿಜಾಮರ ರಾಜ್ಯದ ನಾಣ್ಯಕ್ಕೆ ಹಾಲಿ ಸಿಕ್ಕಾ ಎಂದು ಹೆಸರು. ಬ್ರಿಟಿಷರ ರೂಪಾಯಿಗೆ ನಮ್ಮ ಕಡೆ ಕಲ್ದಾರ್ ಅನ್ನುತ್ತಿದ್ದರು. 100 ಕಲ್ದಾರಿಗೆ ಹಾಲಿ ಸಿಕ್ಕಾ ಎಷ್ಟು ಗೊತ್ತೇ? 116 ರೂಪಾಯಿ 10 ಆಣೆ 8 ಪೈ. ಆರಕ್ಕೆ ಏಳರ ಲೆಕ್ಕ. ನಮ್ಮ ತಂದೆ ಎಂಬತ್ತರ ವಯಸ್ಸಿನಲ್ಲೂ ಈ ಗುಣಾಕಾರವನ್ನು ಬಾಯಲ್ಲೇ ಮಾಡುತ್ತಿದ್ದರು. 1918ರಿಂದ ಅಚ್ಚಾದ ಹೈದರಾಬಾದ್ ನೋಟುಗಳ ಮೇಲೆ ಬೆಲೆ ಉರ್ದು, ಇಂಗ್ಲಿಷ್, ತೆಲುಗು, ಮರಾಠಿ, ಜೊತೆಗೆ ಕನ್ನಡದಲ್ಲೂ ಇರುತ್ತಿತ್ತು. ಕಚೇರಿಯ ಕಾಗದದಲ್ಲಿ ಕಾಣದ ಕನ್ನಡ ಜೇಬಿನಲ್ಲಿ ಇತ್ತು ಅನ್ನಿ.

ಇನ್ನು ಊಟ ಹಾಕಿದವರ ಸುದ್ದಿ. ಹೈದರಾಬಾದಿನ ಮೂಲೆ ಮೂಲೆಗಳಲ್ಲಿ ಚಹಾದಂಗಡಿ ಇಟ್ಟವರು ಇರಾನಿಗಳು. ಅಲ್ಲಿ ಜಾತಿ ಕೇಳುವವರಿರಲಿಲ್ಲ, ಕಾಸು ಕೊಟ್ಟವನಿಗೆ ಕುರ್ಚಿ. ಸಸ್ಯಾಹಾರದ ಇಡ್ಲಿ, ದೋಸೆ, ಊಟ ತಂದವರಲ್ಲಿ ಕರಾವಳಿಯವರು ಮುಖ್ಯರು. 1923ರ ಮಹಾ ನೆರೆ ದಕ್ಷಿಣ ಕನ್ನಡದ ಎಷ್ಟೋ ಸಂಸಾರಗಳನ್ನು ಎಬ್ಬಿಸಿ ಓಡಿಸಿತು. ಹುಡುಗರು ಮುಂಬೈ, ಮದ್ರಾಸು, ಬೆಂಗಳೂರು ಎಂದು ಹೊರಟು ಪಾತ್ರೆ ತೊಳೆಯುವುದರಿಂದ ಶುರುಮಾಡಿದರು. ಬೆಂಗಳೂರಿನಲ್ಲಿ 1924ರ ಎಂ.ಟಿ.ಆರ್., ಮುಂಬೈ ಮಾಟುಂಗಾದಲ್ಲಿ 1942ರ ರಾಮನಾಯಕರ ಬೋರ್ಡಿಂಗು ನಿಮಗೆ ಗೊತ್ತಿರುವಂಥವೇ. ಹೈದರಾಬಾದಿಗೆ ಬಂದವರ ಹೆಸರು ಅಷ್ಟು ದೂರ ಕೇಳಲಿಲ್ಲ. ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಜಮೀನು ಹೋದ ಮನೆಗಳ ಹುಡುಗರದು ಎರಡನೆಯ ಅಲೆ. ಒಂದು ಮಾತು ಮುಚ್ಚಿಡುವಂತಿಲ್ಲ. ಹಳೆಯ ಬ್ರಾಹ್ಮಣ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇರುತ್ತಿತ್ತು. ಮನೆಯಂಥ ಊಟ ಅಂದಾಗ ಯಾರ ಮನೆ ಎಂಬ ಪ್ರಶ್ನೆ ಆಗ ಇದ್ದೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಅದು ಕರಗಿತು. ಕಾನೂನು ಒಂದು ಕಡೆ ನೂಕಿತು, ವ್ಯಾಪಾರ ಇನ್ನೊಂದು ಕಡೆ.

1986ರಲ್ಲಿ ನಾನು ಬಂದಿಳಿದದ್ದು ಕಾಚಿಗುಡದ ಇಂಥದೊಂದು ಮನೆಗೆ. ಕಾಚಿಗುಡ ಎಂದರೆ ಹೈದರಾಬಾದಿನ ಕನ್ನಡಿಗರಿಗೆ ಅರ್ಧ ತವರು. ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿ, ನೃಪತುಂಗ ಶಾಲೆ ಅಲ್ಲಿ, ಹತ್ತಿರದ ಬರ್ಕತ್‌ಪುರದಲ್ಲಿ ರಾಯರ ಮಠ. ಲಾಡ್ಜಿನ ಯಜಮಾನರು ಕುಂದಾಪುರ ಕಡೆಯವರು. ಅವರ ತಂದೆ ಹುಡುಗನಾಗಿದ್ದಾಗಲೇ ಮುಂಬೈಗೆ ಹೋಗಿ, ಅಲ್ಲಿಂದ ಸಿಕಂದರಾಬಾದಿಗೆ ಬಂದು, ಪೊಲೀಸ್ ಕಾರ್ಯಾಚರಣೆಯ ಮರುವರ್ಷ, 1949ರಲ್ಲಿ, ಈ ಮನೆಯನ್ನು ಬಾಡಿಗೆಗೆ ಹಿಡಿದವರು. ಎಲ್ಲರೂ ಅವರನ್ನು ರಾಯರು ಅನ್ನುತ್ತಿದ್ದರು, ನಾನೂ ಅಂದೆ. ಮನೆಯವರನ್ನು ಅಮ್ಮ.

ಮೇಲೆ ಹನ್ನೊಂದು ರೂಮು. ನನ್ನದಕ್ಕೆ ಒಂದು ಕಬ್ಬಿಣದ ಮಂಚ, ಗೋಡೆಯೊಳಗಿನ ಗೂಡು, ಕಿಟಕಿಗೆ ಹಸಿರು ಬಣ್ಣದ ಮರದ ಬಾಗಿಲು. ಬಚ್ಚಲು ಸಾಮೂಹಿಕ. ಬೆಳಗ್ಗೆ ಐದೂವರೆಗೆ ಹಂಡೆ ಒಲೆ ಹಚ್ಚಿದರೆ ಏಳರವರೆಗೆ ಬಿಸಿನೀರು, ಆಮೇಲೆ ಎದ್ದವರ ಕರ್ಮ. ಎರಡು ಊಟ, ತಿಂಡಿ ಸೇರಿ ತಿಂಗಳಿಗೆ 600 ರೂಪಾಯಿ. ರಾತ್ರಿ ಒಂಬತ್ತೂವರೆಗೆ ಅಡಿಗೆಮನೆ ಬಂದ್. ಆದರೆ ರಾತ್ರಿ ರೈಲಿಗೆ ಬರುವವರಿದ್ದಾರೆ ಎಂದು ಪೋಸ್ಟ್‌ಕಾರ್ಡ್ ಬಂದಿದ್ದರೆ ಅನ್ನ, ಸಾರು, ಮಜ್ಜಿಗೆ ಮುಚ್ಚಿಟ್ಟಿರುತ್ತಿದ್ದರು. ರೂಮು ಖಾಲಿ ಇಲ್ಲದಿದ್ದರೂ ರಾಯರು ಯಾರನ್ನೂ ಬಾಗಿಲಿನಿಂದ ಹಾಗೆಯೇ ಕಳಿಸಿದ್ದು ನಾನು ಕಾಣೆ. “ಹ್ವಾಯ್, ಊಟ ಮಾಡ್ಕಂಡೇ ಹೋಯ್ಕ್” ಎನ್ನುತ್ತಿದ್ದರು. ನಮ್ಮ ಕಡೆಯ ಮುದುಕರಿಗೆ ಆ ಕನ್ನಡ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. “ಹೌದ್ರೀ ಯಪ್ಪಾ” ಅಂತ ಎಲೆ ಮುಂದೆ ಕೂತುಬಿಡುತ್ತಿದ್ದರು.

ಅಡಿಗೆಯಲ್ಲೂ ಅದೇ ಬೆರಕೆ. ಅಮ್ಮನಿಗೆ ಜೋಳದ ರೊಟ್ಟಿ ತಟ್ಟಲು ಕಲಿಸಿದವರು, ಗಂಡನ ಆಪರೇಷನ್ನಿಗೆ ಬಂದು ತಿಂಗಳುಗಟ್ಟಲೆ ಇಳಿದಿದ್ದ ಕಲಬುರಗಿಯ ಒಬ್ಬ ಹೆಣ್ಣುಮಗಳಂತೆ. ಬುಧವಾರ, ಶನಿವಾರ ರೊಟ್ಟಿ, ಪುಂಡಿ ಪಲ್ಯ. ನಮ್ಮ ಪುಂಡಿಯೇ ತೆಲುಗರ ಗೋಂಗೂರ, ಹೈದರಾಬಾದಿ ಮುಸ್ಲಿಮರ ಅಂಬಾಡ. ಒಂದೇ ಸೊಪ್ಪು ಮೂರು ಭಾಷೆಯಲ್ಲಿ ಹುಳಿ. ತೊಗರಿಬೇಳೆ ಮಾತ್ರ ತಾಂಡೂರಿನದೇ ಆಗಬೇಕು ಎಂದು ರಾಯರ ಹಟ. “ಅದು ನಿಮ್ಮೂರಿನದೇ ಮಾರಾಯ್ರೆ, ಗೆರೆ ಆಚೆ ಹೋಗಿದೆ ಅಷ್ಟೆ” ಎಂದು ನನ್ನನ್ನು ಛೇಡಿಸುತ್ತಿದ್ದರು.

ಆ ಗೆರೆಯದೇ ಈ ಲೇಖನದ ಮುಖ್ಯ ಮಾತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬೈ ರಾಜ್ಯಕ್ಕೆ, ನಮ್ಮವು ಮೈಸೂರಿಗೆ. ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು, ರಾಯಚೂರಿನ ಗದ್ವಾಲ, ಆಲಂಪುರ ಆಂಧ್ರಕ್ಕೆ ಹೋದವು. ತಾಂಡೂರು ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಏಕೀಕರಣ ನಮ್ಮ ಹಿರಿಯರು ಬೇಡಿ ಪಡೆದದ್ದು, ಅದರ ಸಂತೋಷ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬೀದರಿನಿಂದ ಹೈದರಾಬಾದಿಗೆ ಹೆಚ್ಚುಕಡಿಮೆ 140 ಕಿಲೋಮೀಟರು, ಬೆಂಗಳೂರಿಗೆ 700ರ ಆಸುಪಾಸು. ರಾಜಧಾನಿ ಒಂದೇ ರಾತ್ರಿಯಲ್ಲಿ ಅಷ್ಟು ದೂರ ಹೋಯಿತು.

ಇದು ಜನರ ಬದುಕಿನಲ್ಲಿ ಹೇಗೆ ಇಳಿಯಿತು ಎಂಬುದನ್ನು ನಾನು ನೋಡಿದ್ದು ರಾಯರ ಲಾಡ್ಜಿನ ರಿಜಿಸ್ಟರಿನಲ್ಲಿ. ಪ್ರತಿ ಲಾಡ್ಜಿನಲ್ಲೂ ಬಂದವರ ಹೆಸರು ಬರೆಯುವ ದಪ್ಪ ಪುಸ್ತಕ ಇರುತ್ತದಲ್ಲ, ಅದು. ಬ್ರಿಟಿಷ್ ಇಂಡಿಯಾದಲ್ಲಿ 1867ರಷ್ಟು ಹಿಂದೆಯೇ ಸರಾಯಿಗಳ ಕಾಯ್ದೆ ಎಂದು ಒಂದು ಬಂದಿತ್ತು; ತಂಗಿದವರ ಲೆಕ್ಕ ಸರ್ಕಾರಕ್ಕೆ ಬೇಕು. ರಾಯರ ತಂದೆಯವರು ಮೊದಲ ದಿನದಿಂದ ಬರೆಸಿದ್ದ ರಿಜಿಸ್ಟರುಗಳು ಗಲ್ಲಾದ ಹಿಂದಿನ ಬೀರುವಿನಲ್ಲಿದ್ದವು. ಬ್ಯಾಂಕಿನಲ್ಲಿ ಹಗಲೆಲ್ಲ ಲೆಡ್ಜರ್ ನೋಡಿ ಬಂದವನಿಗೆ ರಾತ್ರಿ ಮತ್ತೆ ಲೆಡ್ಜರ್ ಯಾಕೆ ಎಂದು ರಾಯರು ನಗುತ್ತಿದ್ದರು. ಆದರೆ ಭಾನುವಾರಗಳಲ್ಲಿ ನಾನು ಅವನ್ನು ಇಳಿಸಿ ಓದುತ್ತಿದ್ದೆ. ಸಹಿಗಳು ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ, ಕೆಲವು ಮೋಡಿ ಲಿಪಿಯಲ್ಲಿ, ಕೆಲವು ಬರೀ ಹೆಬ್ಬೆಟ್ಟು.

ಅದರಲ್ಲಿ ‘ಬಂದ ಕಾರಣ’ ಎಂದು ಒಂದು ಕಾಲಂ. 1956ರ ಮೊದಲಿನ ಪುಟಗಳಲ್ಲಿ ಅಲ್ಲಿ ಕಾಣುವುದು ಕಚೇರಿ, ಕೋರ್ಟು, ಪರೀಕ್ಷೆ, ಜಾಗೀರಿನ ಕಾಗದ. ಜಾಗೀರುಗಳು ರದ್ದಾದದ್ದು 1949ರಲ್ಲಿ, ಅದರ ಪರಿಹಾರಕ್ಕೆ ಅಲೆದವರು ಎಷ್ಟೋ ಜನ. ಊರಿನ ಕಾಲಮ್ಮಿನಲ್ಲಿ ಸೇಡಂ, ಚಿಂಚೋಳಿ, ಹುಮನಾಬಾದ್ ಎಂದಷ್ಟೇ. ರಾಜ್ಯ ಬರೆಯುವ ಅಗತ್ಯವೇ ಇರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ, ಸಚಿವಾಲಯದ ಕನ್ನಡ ಗುಮಾಸ್ತರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಮನೆ ಖಾಲಿ ಮಾಡಿ, ಬೆಂಗಳೂರಿನ ಆರ್ಡರಿಗಾಗಿ ಕಾಯುತ್ತ ಒಂದೊಂದು ವಾರ ಇಲ್ಲಿ ಇಳಿದಿದ್ದಾರೆ. ನವೆಂಬರಿನಿಂದ ಊರಿನ ಹೆಸರಿನ ಪಕ್ಕ ಹೊಸ ಅಕ್ಷರ ಶುರುವಾಗುತ್ತದೆ: ಮೈಸೂರು ರಾಜ್ಯ. ಅದೇ ಜನ, ಅದೇ ಕೈಬರಹ. ಈಗ ಪರರಾಜ್ಯದವರು.

ಆಮೇಲೆ ಕಾರಣವೂ ಬದಲಾಗುತ್ತದೆ. ಕಚೇರಿ ಹೋಯಿತು, ಕೋರ್ಟು ಹೋಯಿತು, ಕಡತಗಳೆಲ್ಲ ಬೆಂಗಳೂರಿಗೆ. ಆಸ್ಪತ್ರೆ ಉಳಿಯಿತು. ‘ಮಗಳ ಮನೆ’, ‘ಬಾಣಂತನ’, ‘ಮದುವೆ ಜವಳಿ’ ಉಳಿದವು. ಸರ್ಕಾರ ಕಡತ ಹಂಚಬಹುದು, ನೌಕರರನ್ನು ಹಂಚಬಹುದು. ರೋಗ ಮತ್ತು ಬೀಗತನ ಯಾವ ಆಯೋಗದ ಮಾತನ್ನೂ ಕೇಳುವುದಿಲ್ಲ. ಹೈದರಾಬಾದು ನಮಗೆ ಎಷ್ಟು ಹೊರನಾಡು, ಎಷ್ಟು ಊರು ಎಂಬ ಪ್ರಶ್ನೆಗೆ ಇದಕ್ಕಿಂತ ಸರಿಯಾದ ದಾಖಲೆ ನಾನು ಬೇರೆಲ್ಲೂ ಕಂಡಿಲ್ಲ. ದೊಡ್ಡ ಇತಿಹಾಸದ ಪುಸ್ತಕಗಳಲ್ಲಿ ನಿಜಾಮರ ದರ್ಬಾರು ಇದೆ, ಚಳವಳಿಗಳಿವೆ. ಚಿಂಚೋಳಿಯ ರೈತ 1957ರಲ್ಲಿ ಹೆಂಡತಿಯ ಕಣ್ಣಿಗೆ ಔಷಧ ಹಾಕಿಸಲು ಎಲ್ಲಿ ಮಲಗಿದ, ಏನು ಉಂಡ ಎಂಬುದು ಇಲ್ಲ.

ಇದರ ಬೆಲೆ ನನಗೆ ಇನ್ನೂ ಚೆನ್ನಾಗಿ ತಿಳಿದದ್ದು ದೂರದ ಒಂದು ಊರಿನಲ್ಲಿ. 2018ರಲ್ಲಿ ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋದಾಗ ಯಾರ್ಕ್ ನಗರಕ್ಕೆ ಕರೆದುಕೊಂಡು ಹೋಗಿದ್ದಳು. ರೋಮನ್ನರು ಕ್ರಿ.ಶ. 71ರಲ್ಲಿ ಕಟ್ಟಿದ ಊರು. ಸುತ್ತ ಕೋಟೆಗೋಡೆ, ಅದರ ಮೇಲೆಯೇ ಜನ ಸಂಜೆ ವಾಯುವಿಹಾರ ಮಾಡುತ್ತಾರೆ. ನಾವು ಇಳಿದದ್ದು ಗಂಡ ಹೆಂಡತಿ ಇಬ್ಬರೇ ನಡೆಸುವ ಐದಾರು ಕೋಣೆಯ ಮನೆಯಲ್ಲಿ. ಹೆಂಡತಿ ಬೆಳಗಿನ ತಿಂಡಿ ಮಾಡಿದರೆ ಗಂಡ ಬಡಿಸುತ್ತಾನೆ. ನಾವು ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಆಕೆ ಮರುದಿನ ಅಣಬೆ, ಟೊಮೆಟೊ ಹುರಿದುಕೊಟ್ಟರು. ಹಜಾರದ ಮೇಜಿನ ಮೇಲೆ ಬಂದುಹೋದವರು ಬರೆದ ಪುಸ್ತಕಗಳ ಸಾಲು, ಮೊದಲನೆಯದರಿಂದ ಕೊನೆಯದರವರೆಗೆ, ಒಂದೂ ತಪ್ಪದೆ. ಆ ಊರಿನಲ್ಲಿ ಹಳೆಯ ಮನೆಗಳ ಗೋಡೆಗೆ ಫಲಕ ಹಾಕಿ ಇಲ್ಲಿ ಇಂಥವರಿದ್ದರು ಎಂದು ಬರೆಯುತ್ತಾರೆ. ಯಾರ್ಕಿನ ಜನ ನಮಗಿಂತ ಹೆಚ್ಚು ಪ್ರೀತಿಯವರು ಎಂದೇನೂ ಅಲ್ಲ. ರಾಯರ ಅಮ್ಮನ ಸಾರಿಗೆ ಸಮ ಅಲ್ಲಿ ಏನೂ ಇರಲಿಲ್ಲ. ಅವರು ಬರೆದಿಡುತ್ತಾರೆ, ಇಟ್ಟುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಕಾಚಿಗುಡದ ಲಾಡ್ಜು ಇರಲಿಲ್ಲ. ರಾಯರು 2009ರಲ್ಲಿ ತೀರಿಕೊಂಡರು. ಮಗ ಕೆಲವು ವರ್ಷ ನಡೆಸಿದ. ಆನ್‌ಲೈನಿನಲ್ಲಿ ರೂಮು ಹಿಡಿಯುವ ಕಾಲ ಬಂತು. ರೂಮಿಗೊಂದು ಬಚ್ಚಲು, ಎ.ಸಿ. ಇಲ್ಲದ ಕಡೆ ಯಾರು ಬರುತ್ತಾರೆ? ದೊಡ್ಡ ಆಸ್ಪತ್ರೆಗಳೂ ಊರಿನ ಇನ್ನೊಂದು ದಿಕ್ಕಿಗೆ, ಪಂಜಗುಟ್ಟ, ಬಂಜಾರಾ ಹಿಲ್ಸ್ ಕಡೆಗೆ ಬೆಳೆದಿದ್ದವು. ಅವನ ಮಕ್ಕಳು ಇಂಜಿನಿಯರುಗಳು, ಅವರನ್ನು ಗಲ್ಲಾದಲ್ಲಿ ಕೂರಿಸುವ ಆಸೆ ಅವನಿಗೂ ಇರಲಿಲ್ಲ. 2015ರಲ್ಲಿ ಮನೆ ಮಾಲೀಕರಿಗೆ ಬಿಟ್ಟುಕೊಟ್ಟ. ಅದರಲ್ಲಿ ದುಃಖಪಡುವಂಥದ್ದೇನಿಲ್ಲ, ಪಾತ್ರೆ ತೊಳೆದವನ ಮರಿಮಕ್ಕಳು ಇಂಜಿನಿಯರಾದರೆ ಆ ಸಂಸಾರದ ಲೆಕ್ಕ ಲಾಭದಲ್ಲೇ ಮುಗಿಯಿತು.

ರಿಜಿಸ್ಟರುಗಳು? ಸಾಮಾನು ಸಾಗಿಸುವ ದಿನ ನಾನು ಹೋಗಿದ್ದೆ. ಬೀರುವಿನ ಕೆಳಗಿನ ಎರಡು ಅರೆ ಪೂರ್ತಿ ಗೆದ್ದಲ ಪಾಲಾಗಿತ್ತು. ಮೇಲಿನವು ಉಳಿದಿದ್ದವು, ಮೂರೇ ಮೂರು. “ನಿಮಗೆ ಬೇಕಾದ್ರೆ ತಗೊಂಡ್ಹೋಗಿ ಅಂಕಲ್, ಇಲ್ಲಾಂದ್ರೆ ರದ್ದಿಗೆ ಹೋಗ್ತದೆ” ಅಂದ. ಅವುಗಳಲ್ಲಿ ಒಂದು 1956ರದು. ಈಗ ನನ್ನ ಬೀರುವಿನಲ್ಲಿ ಬೇವಿನ ಸೊಪ್ಪಿನ ಜೊತೆ ಇವೆ. ಅವುಗಳಲ್ಲಿರುವ ಹೆಸರುಗಳನ್ನು ಇಲ್ಲಿ ಬರೆಯುವುದು ಸರಿಯಲ್ಲ, ರೋಗ ಹೊತ್ತು ಬಂದವರ ಮರ್ಯಾದೆಯ ಮಾತು ಅದು. ಆದರೆ ಊರುಗಳ ಹೆಸರನ್ನು ಒಂದೊಂದಾಗಿ ಪಟ್ಟಿ ಮಾಡುತ್ತಿದ್ದೇನೆ.

2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಬಸವಣ್ಣನ ಕಲ್ಯಾಣದ ಹೆಸರು, ಒಳ್ಳೆಯದೇ ಆಯಿತು. 2008ರಿಂದ ಕಲಬುರಗಿಯಲ್ಲೇ ಹೈಕೋರ್ಟಿನ ಪೀಠ ಇದೆ, ದಾವೆಗೆ ಬೆಂಗಳೂರೂ ಬೇಡ. ಹೀಗೆ ನಮ್ಮ ಕಡೆಯ ಬೋರ್ಡುಗಳಿಂದ ಹೈದರಾಬಾದಿನ ಹೆಸರು ಮೆಲ್ಲಗೆ ಅಳಿಯುತ್ತಿದೆ. ವಾಡಿ ಕಡೆಯಿಂದ ಬರುವ ಬೆಳಗಿನ ರೈಲಿನಲ್ಲಿ ಮಾತ್ರ ಎಕ್ಸ್‌ರೇ ಕವರು ಹಿಡಿದು ಕೂತವರ ಕನ್ನಡ ಈಗಲೂ ಕೇಳುತ್ತದೆ.

ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳದ ಓದುಗರಲ್ಲಿ ಒಂದು ಮಾತು. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಕಾಗದಗಳಿದ್ದರೆ, ಅವುಗಳ ನಡುವೆ ಹೈದರಾಬಾದಿನ ಯಾವುದೋ ಲಾಡ್ಜಿನ ರಸೀದಿ, ಆಸ್ಪತ್ರೆಯ ಚೀಟಿ, ಉರ್ದುವಿನಲ್ಲಿ ಸಹಿ ಮಾಡಿದ ಅರ್ಜಿ ಸಿಕ್ಕೀತು. ರದ್ದಿಗೆ ಹಾಕಬೇಡಿ. ಮನೆಯ ಹಿರಿಯರು ಇನ್ನೂ ಇದ್ದರೆ ಕೇಳಿ, ಹೈದರಾಬಾದಿಗೆ ಹೋದಾಗ ಎಲ್ಲಿ ಇಳಿದುಕೊಳ್ಳುತ್ತಿದ್ದಿರಿ ಎಂದು. ತಾರೀಖು ಹಾಕಿ ಬರೆದಿಡಿ. ಹಾಲಿ ಸಿಕ್ಕಾದಲ್ಲಿ ಹೇಳಿದರೆ ಕಲ್ದಾರಿಗೆ ತಿರುಗಿಸುವ ಲೆಕ್ಕ ಮೇಲೆ ಕೊಟ್ಟಿದ್ದೇನೆ.